ಅಕ್ಕನ ಮನೆಯ ಸೊನ್ನೆ ಬಿಲ್ಲು

ಅಡ್ಯನಡ್ಕದ ಅಕ್ಕನ ಮನೆಯಲ್ಲಿ ಕರೆಂಟ್ ಬಿಲ್ಲುಗಳನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿ ಇಡುತ್ತಾರೆ. ಎಲ್ಲದರ ಕೊನೆಯಲ್ಲೂ ಒಂದೇ ಅಂಕಿ, ಸೊನ್ನೆ. ಕಳೆದ ತಿಂಗಳು ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಮಜ್ಜಿಗೆಗೆ ಬರುವ ಹೊತ್ತಿಗೆ ಭಾವ ಎದ್ದು ಹೋಗಿ ಆ ಕಟ್ಟನ್ನೇ ತಂದು ನನ್ನ ಎಲೆಯ ಪಕ್ಕ ಇಟ್ಟರು. "ನೋಡು ಭಾವ, ನಿಮ್ಮ ಕೇರಳದಲ್ಲಿ ಇದು ಉಂಟಾ?"

ನಮ್ಮ ಕಡೆ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ಜಗಳಕ್ಕೆ ಮೇಲು ಕೀಳಿಲ್ಲ.

ನನ್ನ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಸಾರಡ್ಕದ ಗಡಿ ದಾಟಿ ಅಕ್ಕನ ಮನೆಗೆ ಬೈಕಿನಲ್ಲಿ ಹೆಚ್ಚು ಹೊತ್ತೇನೂ ಬೇಡ. ಎರಡೂ ಕಡೆ ಅದೇ ಅಡಿಕೆ, ಅದೇ ಮಳೆ, ಅಡಿಕೆ ಮಾರಲು ಅದೇ ಕ್ಯಾಂಪ್ಕೊ. ಬೆಂಗಳೂರಿನವರು ನನ್ನನ್ನು ಹೊರನಾಡ ಕನ್ನಡಿಗ ಅನ್ನುವಾಗ ನಗು ಬರುತ್ತದೆ. ನಾನು ಎಲ್ಲಿಗೂ ಹೋದವನಲ್ಲ. 1956ರಲ್ಲಿ ಗೆರೆ ಎಳೆದವರು ನಮ್ಮ ಅಜ್ಜನನ್ನು ಕೇಳಲಿಲ್ಲ, ಅಷ್ಟೇ. ಆದರೆ ಕರೆಂಟಿನ ವಿಷಯಕ್ಕೆ ಬಂದರೆ ಮಾತ್ರ ನಾನು ಪಕ್ಕಾ ಹೊರನಾಡಿನವನು.

ಅಲ್ಲಿ ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ. 200 ಯೂನಿಟ್‌ವರೆಗೆ ಫ್ರೀ ಅಂತ ಹೇಳುತ್ತಾರಾದರೂ ಲೆಕ್ಕ ಸ್ವಲ್ಪ ಬೇರೆ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಮಿತಿ ಹಾಕುತ್ತಾರೆ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಇಲ್ಲಿ ಕೇರಳದಲ್ಲಿ ಬಿಲ್ಲು ಬರುವುದೇ ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟಿನ ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. 250 ದಾಟಿದರೆ ಮೆಟ್ಟಿಲೇ ಇಲ್ಲ, ಮೊದಲ ಯೂನಿಟಿನಿಂದಲೇ ಜಾಸ್ತಿ ದರ. ಅಂದರೆ ಎರಡು ತಿಂಗಳಿಗೆ 499 ಸುಟ್ಟವನಿಗೂ 501 ಸುಟ್ಟವನಿಗೂ ಅಜಗಜಾಂತರ. ಸೋಲಾರ್ ಹಾಕುವ ಮೊದಲು ನನ್ನ ಹೆಂಡತಿ ಏಪ್ರಿಲ್ ಮೇ ತಿಂಗಳಲ್ಲಿ ದಿನಾ ಸಂಜೆ ಮೀಟರಿನ ಎದುರು ನಿಂತು ಅಂಕಿ ಬರೆದುಕೊಳ್ಳುತ್ತಿದ್ದಳು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ.

ಆ ಪುಟ ತುಂಬಿದ ವರ್ಷ ನಾನು ಮಾಡಿನ ಮೇಲೆ ಮೂರು ಕಿಲೋವ್ಯಾಟಿನ ಪ್ಯಾನೆಲ್ ಹಾಕಿಸಿದೆ. ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ. ಸುಲಭವಾಗಿ ಆಯಿತು ಅಂದುಕೊಳ್ಳಬೇಡಿ. ಪ್ಯಾನೆಲ್ ಹಾಕಿದ ಏಜೆನ್ಸಿಯವರು ಮುಂಗಡ ತೆಗೆದುಕೊಂಡ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಒಂದು ಇಡೀ ಬೇಸಿಗೆ ಆ ಪ್ಯಾನೆಲ್‌ಗಳು ಮೀಟರಿಗೆ ಸೇರದೆ ಸುಮ್ನೆ ಬಿಸಿಲು ಕಾಯಿಸಿಕೊಂಡವು. ಸಾಲದ ಪತ್ರ ಮಲಯಾಳದಲ್ಲಿತ್ತು. ಸಹಿ ಹಾಕುವ ಮೊದಲು ಪಕ್ಕದ ಮನೆಯ ಹುಡುಗನಿಂದ ಓದಿಸಿದೆ.

ಈಗ ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಹನ್ನೆರಡು ಯೂನಿಟ್ ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅದರ ಅರ್ಧವೂ ಇಲ್ಲ.

ಭಾವನಿಗೆ ಇದೆಲ್ಲ ತಮಾಷೆ. "ಸೊನ್ನೆ ಬಿಲ್ಲು ತರಿಸಿಕೊಳ್ಳಲಿಕ್ಕೆ ನೀನು ಲಕ್ಷಗಟ್ಟಲೆ ಖರ್ಚು ಮಾಡಿದೆ. ನಮಗೆ ಸುಮ್ಮನೆ ಬರುತ್ತದೆ." ಒಮ್ಮೆ ಅವರು ನಮ್ಮಲ್ಲಿಗೆ ಬಂದಾಗ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನೂ ನಿಂತಿತು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. "ಹೌದಾ, ಸೂರ್ಯನಿಗೂ ಲೈನ್‌ಮ್ಯಾನ್ ಬೇಕಾ?" ಅಂತ ಬಿದ್ದು ಬಿದ್ದು ನಕ್ಕರು. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್ ಹಾಗೆಯೇ. ಲೈನ್ ಸತ್ತರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದವನಿಗೆ ನನ್ನ ಮಾಡಿನ ಕರೆಂಟ್ ಹೊಡೆಯುತ್ತದೆ. ಇದನ್ನು ವಿವರಿಸಿದೆ. ಅವರು ನಗುವುದನ್ನು ನಿಲ್ಲಿಸಲಿಲ್ಲ.

ಆದರೆ ನಾನು ಗಮನಿಸಿದ ಒಂದು ವಿಷಯ ಇದೆ. ಅಡ್ಯನಡ್ಕದಲ್ಲಿ ಕರೆಂಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಡಿಕೆ ರೇಟಿನ ಬಗ್ಗೆ ಮಾತಾಡುತ್ತಾರೆ, ಎಲೆಚುಕ್ಕಿ ರೋಗದ ಬಗ್ಗೆ ಮಾತಾಡುತ್ತಾರೆ. ಕರೆಂಟ್ ಹೋದರೆ ಬೈಯುತ್ತಾರೆ. ಅದು ಎಲ್ಲಿಂದ ಬರುತ್ತದೆ, ಯಾರ ದುಡ್ಡು ಅನ್ನುವ ಮಾತು ಅಂಗಡಿ ಜಗಲಿಯಲ್ಲಿ ಏಳುವುದೇ ಇಲ್ಲ. ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿ ಆಸುಪಾಸು ಸರ್ಕಾರ ಇದಕ್ಕೆ ಕಟ್ಟುತ್ತದೆ. ಅದು ಭಾವ ಪೆಟ್ರೋಲಿಗೆ, ಸಿಮೆಂಟಿಗೆ ಕೊಟ್ಟ ತೆರಿಗೆಯಿಂದಲೂ ಹೋಗುತ್ತದೆ ಅಲ್ವಾ? ಅಕ್ಕನ ಸೊನ್ನೆ ಬಿಲ್ಲನ್ನು ನಾನು ಆಡಿಕೊಳ್ಳುವುದಿಲ್ಲ. ಬಡ ಮನೆಗೆ ಅದು ದೊಡ್ಡ ಆಸರೆ. ನನಗೆ ಬೇಜಾರು ಆ ಮೌನದ ಬಗ್ಗೆ.

ಪಂಪಿನ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಕರೆಂಟ್ ಉಚಿತ. ಆದರೆ ತ್ರೀ ಫೇಸ್ ಸಿಗುವುದು ದಿನದಲ್ಲಿ ಕೆಲವೇ ಗಂಟೆ, ಅದೂ ಯಾವ ಹೊತ್ತಿಗೋ. ಅದಕ್ಕೇ ಆಟೋ ಸ್ಟಾರ್ಟರ್ ಹಾಕುತ್ತಾರೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದರೆ ಪಂಪು ತಾನಾಗಿ ಶುರು. ಯಜಮಾನನಿಗೆ ಒಳ್ಳೆ ನಿದ್ದೆ, ತೋಟದಲ್ಲಿ ನೀರು ಹರಿದು ತೋಡು ಸೇರುತ್ತದೆ. ಭಾವನ ಮೊದಲ ಬೋರು ಹೀಗೆಯೇ ಬತ್ತಿತು ಅನ್ನುವುದು ನನ್ನ ಅನುಮಾನ. ಅವರು ಒಪ್ಪುವುದಿಲ್ಲ. ನನ್ನ ಪಂಪಿಗೆ ಮೀಟರ್ ಉಂಟು, ಹಾಗಾಗಿ ನಾನು ಟಾರ್ಚ್ ಹಿಡಿದು ಹೋಗಿ ಆಫ್ ಮಾಡುತ್ತೇನೆ. (ನೀರಿಗಾಗಿ ಅಜ್ಜ ಗುಡ್ಡಕ್ಕೆ ಅಡ್ಡವಾಗಿ ಕೊರೆಸಿದ ಸುರಂಗದ ನೀರಿಗೆ ಸ್ವಿಚ್ಚೂ ಇಲ್ಲ, ಬಿಲ್ಲೂ ಇಲ್ಲ. ತೋಟದ ಕೆಳಗಿನ ತುಂಡಿಗೆ ಇವತ್ತಿಗೂ ಅದೇ ನೀರು.)

ನಮ್ಮ ಕಡೆ ಬನ್ನಿ. ಪೆರ್ಲದ ಹೋಟೆಲಿನಲ್ಲಿ ಒಂದು ಚಹಾ, ಎರಡು ಗೋಳಿಬಜೆ ಮುಗಿಯುವುದರೊಳಗೆ ನೆಟ್ ಮೀಟರಿಂಗ್ ಬಗ್ಗೆ, ಅಂದರೆ ಸೋಲಾರಿನವರು ಲೈನಿಗೆ ಕೊಟ್ಟ ಯೂನಿಟನ್ನು ಲೈನಿನಿಂದ ತೆಗೆದುಕೊಂಡ ಯೂನಿಟಿಗೆ ವಜಾ ಮಾಡುವ ಲೆಕ್ಕದ ಬಗ್ಗೆ, ಮೂರು ಅಭಿಪ್ರಾಯ ಕಿವಿಗೆ ಬೀಳುತ್ತವೆ. 2025ರಲ್ಲಿ ಕೇರಳದ ವಿದ್ಯುತ್ ಆಯೋಗ ಹೊಸ ನಿಯಮದ ಕರಡು ತಂದು ಈ ಸೌಲಭ್ಯವನ್ನು ಬಿಗಿ ಮಾಡುವ ಮಾತೆತ್ತಿದಾಗ ದೊಡ್ಡ ಗದ್ದಲವಾಯಿತು. ನಾನೂ ಮೇಜು ಗುದ್ದಿದೆ. ಸಾಲ ಮಾಡಿ ಹಾಕಿಸಿದ್ದೇನೆ, ಈಗ ನಡುವೆ ಆಟದ ನಿಯಮ ಬದಲಿಸಿದರೆ ಹೇಗೆ?

ಅಲ್ಲಿ ಒಬ್ಬರು ನಿವೃತ್ತ ಮಾಸ್ಟ್ರು ಇದ್ದಾರೆ. ಚಹಾ ಆರಿಸಿ ಆರಿಸಿ ಕುಡಿಯುವವರು. ನನ್ನ ಮಾತು ಪೂರ್ತಿ ಕೇಳಿ ಹೇಳಿದರು. "ನೀನು ಸಾಧಾರಣ ದಿನ ನೂರು ಬಾಳೆಹಣ್ಣು ಅಂಗಡಿಗೆ ಕೊಡುತ್ತಿ. ಚೌತಿಯ ಹಿಂದಿನ ದಿನ ಬಂದು ನನ್ನ ನೂರು ಹಣ್ಣು ವಾಪಸ್ ಕೊಡು ಅನ್ನುತ್ತಿ. ಅಂಗಡಿಯವನು ಎಲ್ಲಿಂದ ತರುವುದು?"

ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದರೆ ಮಾತು ಸರಿ ಇದೆ. ನಾನು ಹಗಲು ಲೈನಿಗೆ ಕೊಡುತ್ತೇನೆ. ಆಗ ದೇಶದಲ್ಲೆಲ್ಲ ಬಿಸಿಲು, ಕರೆಂಟ್ ಅಗ್ಗ. ರಾತ್ರಿ ಏಳರಿಂದ ಹನ್ನೊಂದರವರೆಗೆ ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಆಗ ಎಲ್ಲರ ಮನೆಯಲ್ಲೂ ದೀಪ, ಟಿವಿ, ಎಸಿ. ಕೇರಳ ಬಳಸುವ ಕರೆಂಟಿನ ಬಹುಪಾಲು ಹೊರಗಿನಿಂದ ಬರುವುದು. ಸಂಜೆ ವಿದ್ಯುತ್ ಪೇಟೆಯಲ್ಲಿ ಬೆಲೆ ಯೂನಿಟಿಗೆ ಹತ್ತು ರೂಪಾಯಿಯ ಗರಿಷ್ಠ ಮಿತಿಯನ್ನೇ ಮುಟ್ಟುವುದುಂಟು. ನನ್ನ ಹಗಲಿನ ಯೂನಿಟನ್ನು ಆ ರಾತ್ರಿಯ ಯೂನಿಟಿಗೆ ಸಮ ಮಾಡಿಕೊಡುವ ಖರ್ಚು ಕೊನೆಗೆ ಯಾರ ಬಿಲ್ಲಿಗೆ ಸೇರುತ್ತದೆ? ಪ್ಯಾನೆಲ್ ಹಾಕಿಸಲು ಗಟ್ಟಿ ಮಾಡೂ ಇಲ್ಲದ, ನನ್ನ ತೋಟಕ್ಕೆ ಕೆಲಸಕ್ಕೆ ಬರುವವನ ಬಿಲ್ಲಿಗೂ ಸೇರುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಮೊದಲೇ ಪ್ಯಾನೆಲ್ ಹಾಕಿಸಿದ ಹಳಬರಿಗೆ ಕೊಟ್ಟ ಮಾತು ತಪ್ಪಬಾರದು ಅನ್ನುವುದನ್ನು ಮಾತ್ರ ಈಗಲೂ ಬಿಟ್ಟಿಲ್ಲ.

ಹಗಲಿನದನ್ನು ರಾತ್ರಿಗೆ ಎತ್ತಿಡುವ ದಾರಿ ಬ್ಯಾಟರಿ. ನಮ್ಮದೇ ಜಿಲ್ಲೆಯ ಮೈಲಾಟಿ ಸಬ್‌ಸ್ಟೇಷನ್ನಿಗೆ 125 ಮೆಗಾವ್ಯಾಟಿನ, ನಾಲ್ಕು ಗಂಟೆ ಕೊಡಬಲ್ಲ ಬ್ಯಾಟರಿ ಯೋಜನೆ ಮಂಜೂರಾಗಿದೆ. ಅದೇ ಮೈಲಾಟಿಯಲ್ಲಿ ಹಿಂದೆ ಎಣ್ಣೆ ಸುಟ್ಟು ಕರೆಂಟ್ ಮಾಡುವ ಸ್ಥಾವರ ಇತ್ತು. ಮಾಸ್ಟ್ರು ಇದಕ್ಕೂ ಒಂದು ಪ್ರಶ್ನೆ ಇಟ್ಟುಕೊಂಡಿದ್ದಾರೆ, ಹತ್ತು ಹದಿನೈದು ವರ್ಷದ ಮೇಲೆ ಹಳೆ ಬ್ಯಾಟರಿ ಎಲ್ಲಿಗೆ ಅಂತ.

ಭಾವನಿಗೆ ಇಂಥ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. "ನೀವು ಕೇರಳದವರು ಚರ್ಚೆ ಮಾಡಿ ಮಾಡಿ ಮುದುಕರಾಗುತ್ತೀರಿ. ಪಾವಗಡ ನೋಡು." ನೋಡಿದರೆ ಅವರದ್ದೂ ಸುಳ್ಳಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಜಾಗವನ್ನು ರೈತರಿಂದ ಗೇಣಿಗೆ ಪಡೆದು 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎಬ್ಬಿಸಿದರು. ನಮ್ಮಲ್ಲಿ ಪೈವಳಿಕೆ, ಮೀಂಜ, ಚಿಪ್ಪಾರಿನ 250 ಎಕರೆಯಲ್ಲಿ 50 ಮೆಗಾವ್ಯಾಟ್, 2021ರಲ್ಲಿ ಉದ್ಘಾಟನೆ. ನಲವತ್ತು ಪಟ್ಟು ವ್ಯತ್ಯಾಸ. ಜಾಗ ಇಲ್ಲ ಅನ್ನುವುದು ನಿಜ, ಆದರೆ ಅದೊಂದೇ ಕಾರಣ ಅಂತ ನಾನೂ ಹೇಳಲಾರೆ.

ಆದರೂ ನಮ್ಮ ಎಣ್ಮಕಜೆ ಪಂಚಾಯತಿನವರು ಯಾಕೆ ಇಷ್ಟು ಕೇಳುತ್ತಾರೆ ಅನ್ನುವುದು ಗಡಿಯಾಚೆಯವರಿಗೆ ಗೊತ್ತಿರಬೇಕು. ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಇಲ್ಲಿಯೇ. ಅದೂ ಆಗಿನ ಕಾಲದ ಹೊಸ ತಂತ್ರಜ್ಞಾನವೇ. ಕೆಲಸ ಬೇಗ, ಖರ್ಚು ಕಮ್ಮಿ ಅಂದಿದ್ದರು. ಚಿಕ್ಕವರಿದ್ದಾಗ ಆ ಸದ್ದು ಕೇಳಿದರೆ ನಾವು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಿದ್ದೆವು. ದೇಶದಲ್ಲೆಲ್ಲ ಅದನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರಲ್ಲಿ. ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಹಾಸಿಗೆ ಬಿಟ್ಟು ಏಳದ ಮಕ್ಕಳು.

ಈಗ ಅಡಿಕೆಗೆ ಮದ್ದು ಬಿಡಲು ಡ್ರೋನ್ ಬಂದಿದೆ. ಭಾವ ವೀಡಿಯೊ ನೋಡಿದ ಮರುದಿನವೇ ಬಾಡಿಗೆಗೆ ಕರೆಸಿದರು. ನಮ್ಮಲ್ಲಿ ಅದರ ಬಗ್ಗೆ ಮಾತು ಶುರುವಾದಾಗ ಒಬ್ಬ ಅಜ್ಜಿ ಕೇಳಿದ್ದು ಒಂದೇ. "ಅದೂ ಮೇಲಿಂದಲೇ ಬಿಡುವುದಾ?" ಅಡಿಕೆಗೆ ಬಿಡುವ ಬೋರ್ಡೊ ಮದ್ದು ಬೇರೆ, ಎಂಡೋಸಲ್ಫಾನ್ ಬೇರೆ ಅಂತ ನನಗೆ ಗೊತ್ತು. ಆದರೂ ಆ ಅಜ್ಜಿಯ ಎದುರು ತಂತ್ರಜ್ಞಾನದ ಭಾಷಣ ಮಾಡಲು ಬಾಯಿ ಬರಲಿಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಬಿಡೋಣ ಅಂತ ಆಯಿತು. ಆ ವರ್ಷ ಮದ್ದು ಬಿಡುವುದು ಹತ್ತು ದಿನ ತಡವಾಗಿ ಕೊಳೆರೋಗಕ್ಕೆ ಸ್ವಲ್ಪ ಅಡಿಕೆ ಹೋಯಿತು. ಭಾವ ಅದನ್ನು ಇವತ್ತಿಗೂ ನೆನಪಿಸುತ್ತಾರೆ.

ಆ ದಿನ ಊಟ ಮುಗಿಸಿ ಹೊರಟಾಗ ಭಾವ ಬೈಕಿನವರೆಗೆ ಬಂದರು. ಹೆಲ್ಮೆಟ್ ಕೊಡುತ್ತಾ, ಯಾರಿಗೂ ಕೇಳದ ಹಾಗೆ, "ಮೂರು ಕಿಲೋವ್ಯಾಟಿಗೆ ಒಟ್ಟು ಎಷ್ಟಾಯಿತು ಅಂದೆ?" ಅಂದರು. ಮಗ ಬೆಂಗಳೂರು ಬಿಟ್ಟು ಮನೆಯಿಂದಲೇ ಕೆಲಸ ಮಾಡುತ್ತಿದ್ದಾನೆ, ಕೋಣೆಗೆ ಎಸಿ ಹಾಕಿಸಿದ್ದಾನೆ. ಮನೆಗೆ ಹಾಕಿದ ಮಿತಿಗೆ ಇನ್ನು ಆರು ಯೂನಿಟ್ ಬಾಕಿ, ರೀಡಿಂಗಿಗೆ ನಾಲ್ಕು ದಿನ.

ಒಳಗಿನಿಂದ ಅಕ್ಕ ಮಗನಿಗೆ ಕೂಗಿ ಹೇಳುತ್ತಿದ್ದಳು, ಬಟ್ಟೆ ಮೆಷಿನ್‌ಗೆ ಹಾಕಬೇಡ, ಕಲ್ಲಿನ ಹತ್ತಿರ ಇಡು ಅಂತ.