ಎತ್ತಿನ ಬಂಡಿ ಏರಿದ ಉಪಗ್ರಹ: ಒಂದು ಸ್ಪಷ್ಟನೆ

ಎತ್ತಿನ ಬಂಡಿಯ ಮೇಲೆ ಉಪಗ್ರಹ ಇಟ್ಟಿರುವ ಹಳೆಯ ಫೋಟೊ ನಮ್ಮ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಓಡಾಡುತ್ತಿದೆ. 'ಇಸ್ರೋ ಹತ್ತಿರ ಲಾರಿಗೂ ದುಡ್ಡಿರಲಿಲ್ಲ, ರಾಕೆಟ್ ಹಾರಿಸುವ ಜಾಗಕ್ಕೆ ಬಂಡಿಯಲ್ಲೇ ಒಯ್ದರು' ಎಂದು ಕೆಳಗೆ ಬರೆದಿದ್ದಾರೆ. ಫೋಟೊ ನಿಜ, ಬರೆದಿದ್ದು ತಪ್ಪು.

ಅದು ಇಸ್ರೋದ ಆ್ಯಪಲ್ ಎಂಬ ಸಂವಹನ ಉಪಗ್ರಹ. ಬಂಡಿ ತಂದಿದ್ದು ಸಾಗಿಸಲು ಅಲ್ಲ, ಆಂಟೆನಾ ಪರೀಕ್ಷೆಗೆ. ಲಾರಿ ಪೂರ್ತಿ ಲೋಹ. ರೇಡಿಯೊ ಅಲೆಗಳು ಲೋಹಕ್ಕೆ ಬಡಿದು ವಾಪಸ್ ಬರುತ್ತವೆ, ಅಳತೆ ಕೆಡುತ್ತದೆ. ಹಾಗಾಗಿ ಬಯಲಲ್ಲಿ ಮರದ ಬಂಡಿ ಬೇಕಾಯಿತು. ರಾಶಿ ಹೊತ್ತು ತರುವ ಬಂಡಿಯೇ ಅಲ್ಲಿ ಪ್ರಯೋಗದ ಮೇಜಾಯಿತು. ಎಷ್ಟು ಚೆಂದದ ಉಪಾಯ ಅಲ್ವಾ!

ಹಾರಿದ್ದಂತೂ ಭಾರತದಿಂದಲೇ ಅಲ್ಲ. 1981ರ ಜೂನ್ 19ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರೂನಿಂದ, ಯುರೋಪಿನ ಏರಿಯಾನ್ ರಾಕೆಟ್‌ನಲ್ಲಿ ಹೋಯಿತು. ಅಲ್ಲಿಗೆ ಬಂಡಿ ಹೋಗುವುದೆಲ್ಲಿ?

ನಾನು ಈ ಊರಿನಿಂದ ಹೋಗಿ ಬೆಂಗಳೂರಿನಲ್ಲಿ ಉಪಗ್ರಹಗಳ ಕೆಲಸ ಮಾಡಿದವನು. ಸೌಕರ್ಯ ಕಡಿಮೆ ಇತ್ತು, ನಿಜ. ಆ್ಯಪಲ್ ತಯಾರಾಗಿದ್ದು ಕೈಗಾರಿಕಾ ಶೆಡ್‌ಗಳಲ್ಲಿ. ಆದರೆ ಹಿರಿಯರು ನಮಗೆ ಹೇಳುತ್ತಿದ್ದ ಕಥೆಗಳಲ್ಲಿ ಬಡತನ ಇರಲಿಲ್ಲ. ಲೆಕ್ಕ ಇತ್ತು, ವಾದ ಇತ್ತು, ರಾತ್ರಿಯೆಲ್ಲ ಕೂತು ಮಾಡಿದ ಕೆಲಸ ಇತ್ತು. ಅದನ್ನು ಸುಮ್ನೆ ಕನಿಕರದ ಕಥೆ ಮಾಡಿದರೆ ನನಗೆ ತುಂಬಾ ನೋವಾಗುತ್ತದೆ. ಆ್ಯಪಲ್ ಮೇಲೆ ಹೋದಾಗ ಅದರ ಒಂದು ಸೌರ ಫಲಕ ತೆರೆದುಕೊಳ್ಳಲಿಲ್ಲ. ಆದರೂ ಅದನ್ನು ಎರಡು ವರ್ಷಕ್ಕಿಂತ ಜಾಸ್ತಿ ದುಡಿಸಿದರು, ಟಿವಿ ಕಾರ್ಯಕ್ರಮ ಸಾಗಿಸುವ ಪ್ರಯೋಗಗಳನ್ನೂ ಮಾಡಿದರು.

ಸೈಕಲ್ ಮೇಲೆ ರಾಕೆಟ್ ಭಾಗ ಒಯ್ಯುವ ಇನ್ನೊಂದು ಫೋಟೊ ಬೇರೆಯದು. ಅದು 1960ರ ದಶಕದಲ್ಲಿ ಕೇರಳದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದ್ದು.