ಕೇಸು ವರ್ಗ ಮಾಡಿ, ಜೊತೆಗೆ ತಾರೀಕೂ ಕೊಡಿ

ಸಿವಿಲ್ ಕೇಸನ್ನು ಒಂದು ಕೋರ್ಟಿನಿಂದ ಇನ್ನೊಂದಕ್ಕೆ ವರ್ಗ ಮಾಡುವುದು ತಪ್ಪೇನಲ್ಲ. ಒಂದು ಕಡೆ ಕಡತಗಳು ರಾಶಿ ಬಿದ್ದಿರುತ್ತವೆ, ಇನ್ನೊಂದು ಕಡೆ ಹೊಸ ಕೋರ್ಟು ಶುರುವಾಗುತ್ತದೆ. ಹಂಚಲೇಬೇಕು. ಆದರೆ ಕಡತ ಹೋದಷ್ಟು ಬೇಗ ಕಕ್ಷಿದಾರರಿಗೆ ಸುದ್ದಿ ಹೋಗುವುದಿಲ್ಲ. ನನ್ನ ತಕರಾರು ಇಷ್ಟೇ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಸೆಕ್ಷನ್ ಪ್ರಕಾರ ಹೈಕೋರ್ಟ್ ಅಥವಾ ಜಿಲ್ಲಾ ಕೋರ್ಟ್ ಯಾವ ಹಂತದಲ್ಲಿ ಬೇಕಾದರೂ ಕೇಸನ್ನು ತನ್ನ ಕೈಕೆಳಗಿನ ಬೇರೆ ಕೋರ್ಟಿಗೆ ಕಳಿಸಬಹುದು. ವಾದಿಯೋ ಪ್ರತಿವಾದಿಯೋ ಅರ್ಜಿ ಹಾಕಿದರೆ ಎಲ್ಲರಿಗೂ ನೋಟಿಸ್ ಹೋಗಬೇಕು. ಕೋರ್ಟು ತಾನಾಗಿಯೇ ಕಳಿಸಿದರೆ ನೋಟಿಸ್ ಬೇಕಿಲ್ಲ. ಎಡವಟ್ಟಾಗುವುದು ಇಲ್ಲೇ.

ವಯಸ್ಸಾದವರೊಬ್ಬರು ಮೊದಲ ಬಸ್ಸಿಗೇ ಬಂದು ಹಳೇ ಕೋರ್ಟ್ ಹಾಲ್ ಮುಂದೆ ಕೂತಿರುತ್ತಾರೆ. ಕೈಯಲ್ಲಿ ಪಹಣಿ, ಕ್ರಯಪತ್ರದ ಜೆರಾಕ್ಸ್. ಮಧ್ಯಾಹ್ನವಾದರೂ ಹೆಸರು ಕೂಗುವುದಿಲ್ಲ. ಕೊನೆಗೆ ಬೆಂಚ್ ಕ್ಲರ್ಕ್, "ನಿಮ್ಮ ಫೈಲ್ ಇಲ್ಲಿಲ್ಲ ಯಜಮಾನ್ರೇ, ಟ್ರಾನ್ಸ್‌ಫರ್ ಆಗಿದೆ, ಮೇಲೆ ಹೋಗಿ ಕೇಳಿ" ಎನ್ನುತ್ತಾರೆ. ಅಷ್ಟರಲ್ಲಿ ಮೇಲೆ ಹೆಸರು ಕೂಗಿ ಆಗಿರುತ್ತದೆ. ಪ್ರತಿವಾದಿ ಹಾಜರಿದ್ದು ವಾದಿ ಗೈರಾದರೆ ದಾವೆ ವಜಾ. ಮತ್ತೆ ಜೀವ ಕೊಡಿಸಲು 30 ದಿನದೊಳಗೆ ಅರ್ಜಿ, ಅದಕ್ಕೊಂದು ಫೀಸು, ಇನ್ನೊಂದಿಷ್ಟು ಓಡಾಟ. ವಕೀಲರು ನೋಡ್ಕೋಬೇಕು ಅಲ್ವಾ ಅನ್ನಬಹುದು. ನೋಡಿಕೊಳ್ಳಬೇಕು, ನಿಜ. ಆದರೆ ಅವರು ತಪ್ಪಿಸಿಕೊಂಡರೆ ಜಮೀನು ಕಳೆದುಕೊಳ್ಳುವವರು ಕಕ್ಷಿದಾರರೇ.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಈ ಕೇಸು ಕೇಳುವ ವ್ಯಾಪ್ತಿ ತನಗಿಲ್ಲವೆಂದು ಕೋರ್ಟು ದಾವಾಪತ್ರವನ್ನು (ವಾದಿ ದಾವೆ ಹೂಡಲು ಕೊಟ್ಟ ಪತ್ರ) ವಾಪಸ್ ಕೊಡುವಾಗ ಏನು ಮಾಡಬಹುದೆಂದು ಇದೇ ಸಂಹಿತೆಯ 7ನೇ ಆದೇಶದ 10ಎ ನಿಯಮ ಹೇಳುತ್ತದೆ. ವಾದಿ ಕೇಳಿಕೊಂಡರೆ, ಹೊಸ ಕೋರ್ಟಿಗೆ ಹಾಜರಾಗುವ ತಾರೀಕನ್ನು ಹಳೇ ಕೋರ್ಟೇ ಗೊತ್ತು ಮಾಡಿ ಇಬ್ಬರಿಗೂ ತಿಳಿಸಬೇಕು. ವಾಪಸಾಗುವ ದಾವೆಗೆ ಇರುವ ಈ ಕಾಳಜಿ ವರ್ಗವಾಗುವ ದಾವೆಗೆ ಯಾಕೆ ಬೇಡ?

ಇನ್ನೊಂದು ಭಯ, ಎಲ್ಲ ಮೊದಲಿನಿಂದ ಶುರುವಾಗುತ್ತದೆ ಅನ್ನುವುದು. ಹಾಗೇನೂ ಆಗಲೇಬೇಕೆಂದಿಲ್ಲ. ನಿಂತಲ್ಲಿಂದಲೇ ಮುಂದುವರಿಸಬಹುದು, ಹಳೇ ಕೋರ್ಟಿನಲ್ಲಿ ದಾಖಲಾದ ಸಾಕ್ಷ್ಯವನ್ನೂ ಬಳಸಬಹುದು. ಆದರೆ ಮರುವಿಚಾರಣೆ ಮಾಡುವ ಅಧಿಕಾರವೂ ಹೊಸ ಕೋರ್ಟಿಗಿದೆ. ಪಾಟೀಸವಾಲು ಮುಗಿಸಿದ ಸಾಕ್ಷಿ ಅಷ್ಟರಲ್ಲಿ ತೀರಿಕೊಂಡಿದ್ದರೆ? ವರ್ಗಾವಣೆ ಆದೇಶದಲ್ಲಿ ವಿಶೇಷ ನಿರ್ದೇಶನ ಕೊಡಲು 24ನೇ ಸೆಕ್ಷನ್ನಿನಲ್ಲೇ ಜಾಗ ಇದೆ. ಯಾವ ಕೋರ್ಟು, ಯಾವ ತಾರೀಕು, ಯಾವ ಹಂತದಿಂದ ವಿಚಾರಣೆ ಅಂತ ಅಲ್ಲೇ ಬರೆದು, ಅದರ ಪ್ರತಿಯನ್ನು ವಕೀಲರಿಗಷ್ಟೇ ಅಲ್ಲ, ಕಕ್ಷಿದಾರರ ವಿಳಾಸಕ್ಕೂ ಕಳಿಸಲಿ.