ಹಡಗಿನಲ್ಲಿ ವೈನ್ ಕುಡಿಯುವುದಾದರೆ ಬಾಟಲಿಯನ್ನೇ ಕೊಳ್ಳಿ

ಬೆಂಗಳೂರಿನಿಂದ ಸಿಂಗಾಪುರಕ್ಕೆ ಹಾರಿ, ಅಲ್ಲಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ಕಡೆ ಕ್ರೂಸ್ ಹೋಗಿಬರುವ ನಮ್ಮವರು ಈಗ ಬಹಳ ಮಂದಿ. ಟಿಕೆಟ್ ಬುಕ್ ಮಾಡಿದ ಮಾರನೆಯ ದಿನದಿಂದಲೇ ಕಂಪನಿಯ ಇಮೇಲ್ ಶುರುವಾಗುತ್ತದೆ: ದಿನಕ್ಕಿಷ್ಟು ಅಂತ ಕಟ್ಟಿ ಬೇಕಾದ್ದು ಕುಡಿಯುವ ಡ್ರಿಂಕ್ಸ್ ಪ್ಯಾಕೇಜ್ ಈಗಲೇ ತಗೊಂಡರೆ ಇಷ್ಟು ರಿಯಾಯಿತಿ, ನಾಳೆ ಈ ಬೆಲೆ ಇರಲ್ಲ ಅಂತ. ವಿಸ್ಕಿ, ಕಾಕ್‌ಟೇಲ್ ಕುಡಿಯುವವರ ಲೆಕ್ಕ ಬೇರೆ. ಊಟದ ಜೊತೆ ವೈನ್ ಕುಡಿಯುವವರಿಗೆ ಪ್ಯಾಕೇಜೂ ಬೇಡ, ಗ್ಲಾಸ್ ಲೆಕ್ಕದಲ್ಲಿ ಕೊಳ್ಳುವುದೂ ಬೇಡ. ಮೇಜಿಗೆ ಪೂರ್ತಿ ಬಾಟಲಿ ತರಿಸಿ, ಉಳಿದದ್ದನ್ನು ಮರುದಿನ ಕುಡಿಯಿರಿ. ಹಣಕ್ಕೂ ರುಚಿಗೂ ಅದೇ ಒಳ್ಳೆಯದು.

ಮೊದಲು ಹಣದ ಲೆಕ್ಕ. ಬೆಲೆ ಹಡಗಿನಿಂದ ಹಡಗಿಗೆ ಬದಲಾಗುತ್ತದೆ, ಹಾಗಾಗಿ ಒಂದು ಮಾದರಿ ಇಟ್ಟುಕೊಳ್ಳೋಣ. ಗ್ಲಾಸಿಗೆ 14 ಡಾಲರ್, ಅದೇ ವೈನಿನ ಬಾಟಲಿಗೆ 52 ಡಾಲರ್, ಪ್ಯಾಕೇಜ್ ದಿನಕ್ಕೆ 70 ಡಾಲರ್. ಮೆನುವಿನಲ್ಲಿ ಕಾಣುವ ಬೆಲೆಯೇ ಕೊನೆಯದಲ್ಲ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಅದರ ಮೇಲೆ ಸಾಮಾನ್ಯವಾಗಿ ಶೇ. 18ರಿಂದ 20ರಷ್ಟು ಸೇವಾ ಶುಲ್ಕ ತಾನಾಗಿಯೇ ಸೇರುತ್ತದೆ. ಶೇ. 18 ಅಂತ ಹಿಡಿದರೆ ಗ್ಲಾಸು 16.52 ಡಾಲರ್, ಬಾಟಲಿ 61.36, ಪ್ಯಾಕೇಜ್ 82.60. ಅಂದರೆ ಪ್ಯಾಕೇಜ್‌ನ ಹಣ ವಾಪಸ್ ಬರಬೇಕಾದರೆ ದಿನಕ್ಕೆ ಐದು ಗ್ಲಾಸ್ ಕುಡಿಯಬೇಕು. 150 ಮಿ.ಲೀ. ಗ್ಲಾಸ್ ಐದು ಅಂದರೆ 750 ಮಿ.ಲೀ., ಒಬ್ಬರಿಗೆ ದಿನಕ್ಕೊಂದು ಪೂರ್ತಿ ಬಾಟಲಿ. ಅದೂ ಒಂದು ದಿನ ತಪ್ಪದೆ, ಇಳಿದು ಊರು ಸುತ್ತುವ ದಿನವೂ ಸೇರಿ. ಮೇಲಾಗಿ ಅನೇಕ ಕಂಪನಿಗಳಲ್ಲಿ ಕ್ಯಾಬಿನ್‌ನಲ್ಲಿರುವ ವಯಸ್ಕರೆಲ್ಲರೂ ಪ್ಯಾಕೇಜ್ ಕೊಳ್ಳಬೇಕೆಂಬ ನಿಯಮವಿದೆ. ಏಳು ರಾತ್ರಿ, ಇಬ್ಬರು: 1,156 ಡಾಲರ್. ಇಬ್ಬರೂ ಸೇರಿ ರಾತ್ರಿಗೊಂದು ಬಾಟಲಿ ಮುಗಿಸಿದರೆ 430 ಡಾಲರ್‌ಗೂ ಒಂದಿಷ್ಟು ಕಡಿಮೆ. ನಿಮ್ಮ ಹಡಗಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಹಲವು ಕಂಪನಿಗಳ ಆ್ಯಪ್‌ನಲ್ಲಿ ಹೊರಡುವ ಮುಂಚೆಯೇ ಬಾರ್ ಮೆನು ಸಿಗುತ್ತದೆ.

ಗ್ಲಾಸಿನ ಅಳತೆಯನ್ನೂ ಕೇಳಿ ತಿಳಿದುಕೊಳ್ಳಿ. 150 ಮಿ.ಲೀ. ಸುರಿಯುವ ಹಡಗಿದೆ, ಅಮೆರಿಕದ 6 ಔನ್ಸ್, ಅಂದರೆ 177 ಮಿ.ಲೀ. ಸುರಿಯುವ ಹಡಗೂ ಇದೆ. ಕೆಲವೆಡೆ 9 ಔನ್ಸ್‌ನ ದೊಡ್ಡ ಗ್ಲಾಸೂ ಇರುತ್ತದೆ, ಅದು 266 ಮಿ.ಲೀ. ಪೆಗ್ ಲೆಕ್ಕಕ್ಕೆ ಒಗ್ಗಿದವರು ಇದನ್ನು ಗಮನಿಸಬೇಕು. ಶೇ. 13 ಆಲ್ಕೋಹಾಲ್ ಇರುವ 150 ಮಿ.ಲೀ. ವೈನಿನಲ್ಲಿ 19.5 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ, ನಮ್ಮ ಶೇ. 42.8ರ ವಿಸ್ಕಿಯ 30 ಮಿ.ಲೀ. ಪೆಗ್‌ನಲ್ಲಿ ಸುಮಾರು 12.8. ಒಂದು ಗ್ಲಾಸ್ ವೈನ್ ಅಂದರೆ ಒಂದೂವರೆ ಸಣ್ಣ ಪೆಗ್, 9 ಔನ್ಸ್ ಗ್ಲಾಸ್ ಅಂದರೆ ಎರಡೂವರೆಗಿಂತ ಹೆಚ್ಚು. ಹೊಟ್ಟೆ ತೊಳಸುತ್ತದೆಂದು ಅವೋಮಿನ್ ತೆಗೆದುಕೊಂಡಿದ್ದರೆ ಆ ದಿನ ವೈನ್ ಬಿಟ್ಟುಬಿಡಿ. ಆ ಮಾತ್ರೆಯೇ ಮಂಪರು ತರಿಸುತ್ತದೆ, ಮದ್ಯ ಸೇರಿದರೆ ಅದು ಇನ್ನಷ್ಟು ಏರುತ್ತದೆ.

ಇನ್ನು ಗುಣಮಟ್ಟ. ಹಡಗಿನ ವೈನ್ ಕಳಪೆ ಅಂತ ಸಾರಾಸಗಟಾಗಿ ಹೇಳುವವರ ಮಾತು ಒಪ್ಪುವಂಥದ್ದಲ್ಲ. ಅಲ್ಲಿರುವುದು ಬಹುಪಾಲು ಸಾಧಾರಣ, ದೋಷವಿಲ್ಲದ, ಊಹಿಸಬಹುದಾದ ವೈನ್. ಅದಕ್ಕೆ ಕಾರಣವೂ ಸರಳ. 2024ರ ಜನವರಿಯಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದ ಸೀಸ್ ಒಂದೇ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರಿಗೆ ಜಾಗವಿದೆ. ಇಂಥ ಹಡಗುಗಳ ದಂಡನ್ನೇ ಇಟ್ಟುಕೊಂಡ ಕಂಪನಿಗೆ ಎಲ್ಲ ಹಡಗಿನಲ್ಲೂ ವರ್ಷಪೂರ್ತಿ ಅದೇ ಹೆಸರು, ಅದೇ ರುಚಿ ಬೇಕು. ವರ್ಷಕ್ಕೆ ಎರಡು ಸಾವಿರ ಪೆಟ್ಟಿಗೆ ಮಾಡುವ ಸಣ್ಣ ತೋಟದವರು ಅದನ್ನು ಪೂರೈಸಲಾರರು. ಹಾಗಾಗಿಯೇ ಅಮೆರಿಕದ ಕಂಪನಿಗಳ ಮೆನುವಿನಲ್ಲಿ ಕೆಂಡಾಲ್-ಜಾಕ್ಸನ್ ಶಾರ್ಡನೇ, ಕಿಮ್ ಕ್ರಾಫರ್ಡ್ ಸೊವಿನ್ಯೋ ಬ್ಲಾಂ, ಮೆಯೋಮಿ ಪಿನೋ ನ್ವಾರ್ ಇಂಥ ಹೆಸರುಗಳೇ ಮತ್ತೆ ಮತ್ತೆ ಸಿಗುತ್ತವೆ. ಇವು ಅಮೆರಿಕದ ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನ್ಯವಾಗಿ 20 ಡಾಲರ್ ಒಳಗೆ ಸಿಗುವ ಬಾಟಲಿಗಳು. ಕುಡಿಯಲು ಏನೂ ತೊಂದರೆ ಇಲ್ಲ, 52 ಡಾಲರ್ ಕೊಡುವಾಗ ಮಾತ್ರ ಏನಕ್ಕೆ ಕೊಡುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು.

ಇಲ್ಲಿ ನಮ್ಮವರು ದಾರಿ ತಪ್ಪುವುದು ಹೋಲಿಕೆಯಲ್ಲಿ. ಬೆಂಗಳೂರಿನಲ್ಲಿ ಇದೇ ಬಾಟಲಿ ಎಷ್ಟು ಅಂತ ನೋಡಿ, ಹಡಗಿನಲ್ಲಿ ಅಗ್ಗ ಅಂದುಕೊಳ್ಳುತ್ತಾರೆ. ಆಮದು ವೈನಿನ ಮೇಲೆ ಭಾರತದ ಸುಂಕ ಬಹುಕಾಲ ಶೇ. 150 ಇತ್ತು, 2022ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದ ಒಂದು ಮಟ್ಟಕ್ಕಿಂತ ದುಬಾರಿ ಬಾಟಲಿಗಳಿಗೆ ಅದು ಇಳಿಯಿತು. ಅದರ ಮೇಲೆ ರಾಜ್ಯದ ಅಬಕಾರಿ. ಸಿಂಗಾಪುರದಲ್ಲೂ ಶುದ್ಧ ಆಲ್ಕೋಹಾಲಿನ ಪ್ರತಿ ಲೀಟರಿಗೆ 88 ಸಿಂಗಾಪುರ ಡಾಲರ್ ಸುಂಕ, ಶೇ. 13ರ ಒಂದು ಬಾಟಲಿಗೆ 8.58 ಡಾಲರ್ ಆಯಿತು, ಆಮೇಲೆ ಜಿಎಸ್‌ಟಿ. ಹೊರದೇಶದ ಯಾನಕ್ಕೆ ಹೊರಡುವ ಹಡಗಿನ ದಾಸ್ತಾನಿಗೆ ಸಾಮಾನ್ಯವಾಗಿ ಈ ಭಾರವಿಲ್ಲ. ಸುಂಕವಿಲ್ಲದೆ ತುಂಬಿದ ಬಾಟಲಿಯನ್ನು ಸುಂಕ ಕಟ್ಟಿದ ಹೋಟೆಲಿನ ಬೆಲೆಗೆ ಮಾರುವುದರಲ್ಲೇ ಅವರ ಲಾಭ. ಆದ್ದರಿಂದ ತೂಗಿ ನೋಡಬೇಕಾದದ್ದು ಆ ವೈನ್ ಹುಟ್ಟಿದ ದೇಶದ ಅಂಗಡಿ ಬೆಲೆಯೊಂದಿಗೆ. ಮುಂಬೈಯಿಂದ ಹೊರಡುವ ಹಡಗಿನ ಮೆನುವಿನಲ್ಲಿ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಝಂಪಾ ಅಥವಾ ನಾಸಿಕದ ಸುಲಾ ಕಂಡರೆ ಇನ್ನೂ ಸುಲಭ. ಅವುಗಳ ಅಂಗಡಿ ಬೆಲೆ ನಿಮಗೆ ಗೊತ್ತೇ ಇದೆ, ಆ ಹಡಗು ಎಷ್ಟು ಪಟ್ಟು ಏರಿಸುತ್ತದೆ ಅನ್ನುವುದು ನಿಂತಲ್ಲೇ ತಿಳಿಯುತ್ತದೆ.

ಏರಿಕೆ ಎಲ್ಲ ಬಾಟಲಿಗೂ ಒಂದೇ ಸಮ ಇರುವುದಿಲ್ಲ. ಅಗ್ಗದ ಬಾಟಲಿಗೆ ಮೂರು, ಮೂರೂವರೆ ಪಟ್ಟು ಹಾಕುವವರು ದುಬಾರಿಯದಕ್ಕೆ ಎರಡು ಪಟ್ಟಿನ ಆಸುಪಾಸಿಗೆ ನಿಲ್ಲಿಸುತ್ತಾರೆ. ಅಂಗಡಿಯಲ್ಲಿ 15 ಡಾಲರ್‌ನ ವೈನ್ 52 ಆಗುವ ಕಡೆಯೇ 45 ಡಾಲರ್‌ನದ್ದು 95ಕ್ಕೆ ಸಿಗಬಹುದು. ಹಾಗಂತ ಎಲ್ಲರೂ 95 ಕೊಡಿ ಅಂತಲ್ಲ. ಮೆನುವಿನ ತೀರಾ ಕೆಳಗಿನ ಎರಡು ಮೂರು ಸಾಲು ಬಿಟ್ಟು ನಡುವಿನಲ್ಲಿ ಹುಡುಕಿ. ಹೆಸರು ಕಡಿಮೆ ಕೇಳಿದ ಪ್ರದೇಶಗಳಿಗೆ ಬೆಲೆ ಕಡಿಮೆ, ವೈನ್ ಚೆನ್ನಾಗಿರುತ್ತದೆ: ಪೋರ್ಚುಗಲ್‌ನ ದೋರು ಕಣಿವೆಯ ರೆಡ್, ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂ, ಸ್ಪೇನ್‌ನ ರಿಯೋಹಾ ಕ್ರಿಯಾಂಸಾ. ರಿಯೋಹಾ ಬಾಟಲಿಯ ಚೀಟಿಯ ಮೇಲೆ ಕ್ರಿಯಾಂಸಾ ಅಂತ ಇದ್ದರೆ ಆ ರೆಡ್ ವೈನ್ ಕನಿಷ್ಠ ಎರಡು ವರ್ಷ ಮಾಗಿದೆ, ಅದರಲ್ಲಿ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ, ಅಂತ ಕಾನೂನಿನ ಖಾತ್ರಿ. ಶಾಂಪೇನ್ ಬದಲು ಸ್ಪೇನ್‌ನ ನೊರೆ ವೈನ್ ಕಾವಾ ಕುಡಿಯಬಹುದು. ಎರಡರಲ್ಲೂ ನೊರೆ ಹುಟ್ಟುವುದು ಬಾಟಲಿಯೊಳಗಿನ ಎರಡನೇ ಹುದುಗುವಿಕೆಯಿಂದಲೇ.

ಈಗ ಮುಖ್ಯ ವಿಷಯ. ಹಡಗಿನಲ್ಲಿ ವೈನ್ ಕೆಡುವುದು ಬಹುತೇಕ ಬಾರ್ ಕೌಂಟರಿನಲ್ಲಿ. ವಿಮಾನದಲ್ಲಿ ಗಾಳಿಯ ಒತ್ತಡ, ತೇವಾಂಶ ಎರಡೂ ಇಳಿದು ನಾಲಿಗೆ ಮಂದವಾಗುತ್ತದೆ, ಹಡಗಿನಲ್ಲಿ ಆ ತೊಂದರೆಯಿಲ್ಲ. ಸಮುದ್ರದ ಮೇಲೆ ರುಚಿ ಬದಲಾಗುತ್ತದೆ ಅನ್ನುವುದಕ್ಕೆ ಅರ್ಥವಿಲ್ಲ. ಬಾಟಲಿ ತೆರೆದ ಕ್ಷಣದಿಂದ ಗಾಳಿ ತನ್ನ ಕೆಲಸ ಶುರು ಮಾಡುತ್ತದೆ. ಮುಚ್ಚಿ ತಂಪಿನಲ್ಲಿಟ್ಟರೆ ರೆಡ್ ಮೂರು ದಿನ, ಹೆಚ್ಚೆಂದರೆ ಐದು ದಿನ ತಾಳುತ್ತದೆ. ಈಜುಕೊಳದ ಪಕ್ಕದ ಬಾರಿನಲ್ಲಿ ಎಲ್ಲರೂ ಕೇಳುವುದು ಬಿಯರ್, ಮೊಹಿಟೊ. ಅಲ್ಲಿ ತೆರೆದ ರೆಡ್ ವೈನ್ ಬಾಟಲಿ ಬಿಸಿಲ ಝಳದಲ್ಲಿ ಎಷ್ಟು ಹೊತ್ತಿನಿಂದ ನಿಂತಿದೆಯೋ. ಗ್ಲಾಸಿನಲ್ಲೇ ಕುಡಿಯಬೇಕಾದ ಸಂದರ್ಭ ಬಂದರೆ ಸಂಜೆ ಜನ ತುಂಬುವ ಡೈನಿಂಗ್ ಹಾಲ್‌ನಲ್ಲಿ ಅಥವಾ ವೈನ್ ಬಾರ್‌ನಲ್ಲಿ ಕುಡಿಯಿರಿ, ಅಲ್ಲಿ ಬಾಟಲಿಗಳು ಬೇಗ ಖಾಲಿಯಾಗುತ್ತವೆ. "ಇದು ಯಾವಾಗ ತೆರೆದದ್ದು?" ಅಂತ ನೇರವಾಗಿ ಕೇಳಿ. ಒಳ್ಳೆಯ ಬಾರಿನವರು ಬೇಸರಿಸುವುದಿಲ್ಲ, ಹೊಸದನ್ನೇ ತೆರೆಯುತ್ತಾರೆ. ಆರ್ಗಾನ್ ಅನಿಲ ತುಂಬಿ ಸುರಿಯುವ ಕೊರವಿನ್ ಸಾಧನ ಇದ್ದರೆ ದುಬಾರಿ ವೈನನ್ನೂ ಗ್ಲಾಸಿನಲ್ಲಿ ಧೈರ್ಯವಾಗಿ ತರಿಸಬಹುದು. ನೊರೆ ವೈನ್ ಮಾತ್ರ ಗ್ಲಾಸಿನಲ್ಲಿ ಬೇಡವೇ ಬೇಡ. ಮಧ್ಯಾಹ್ನ ತೆರೆದ ಪ್ರೊಸೆಕ್ಕೊದಲ್ಲಿ ಸಂಜೆ ಹೊತ್ತಿಗೆ ಗುಳ್ಳೆ ಬಹಳ ಇಳಿದಿರುತ್ತದೆ. 187 ಅಥವಾ 200 ಮಿ.ಲೀ. ಪುಟ್ಟ ಬಾಟಲಿ ಇದೆಯಾ ಕೇಳಿ, ಅದನ್ನು ನಿಮ್ಮೆದುರೇ ತೆರೆಯುತ್ತಾರೆ.

ಎರಡನೆಯ ಶತ್ರು ಬಿಸಿ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಅನ್ನುವ ಮಾತು ಯುರೋಪಿನ ಹಳೆಯ ತಣ್ಣನೆಯ ಮನೆಗಳ ಕಾಲದ್ದು. ರೆಡ್ ಕುಡಿಯಬೇಕಾದದ್ದು 15ರಿಂದ 18 ಡಿಗ್ರಿಯಲ್ಲಿ. ಉಷ್ಣವಲಯದಲ್ಲಿ ಓಡಾಡುವ ಹಡಗಿನ ಬಾರಿನಲ್ಲಿ ಅದು 24 ದಾಟಿರುವುದು ಅಪರೂಪವಲ್ಲ. ಆಗ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲ್, ಹಣ್ಣಿನ ಪರಿಮಳ ಅಡಗಿಹೋಗುತ್ತದೆ. ಐಸ್ ಬಕೆಟ್ ತರಿಸಿ, ಅರ್ಧ ಐಸ್ ಅರ್ಧ ನೀರು ಹಾಕಿಸಿ, ರೆಡ್ ಬಾಟಲಿಯನ್ನು ಹತ್ತು ಹದಿನೈದು ನಿಮಿಷ ಇಡಿ. ಬರೀ ಐಸ್ ಆದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸೇರಿದರೆ ಸುತ್ತಲೂ ತಂಪು ಹಿಡಿಯುತ್ತದೆ. ವೈಟ್ ವೈನಿನ ಕಥೆ ಉಲ್ಟಾ: ಫ್ರಿಜ್‌ನಿಂದ ನೇರ 4 ಡಿಗ್ರಿಯಲ್ಲಿ ಬಂದರೆ ರುಚಿಯೇ ತಿಳಿಯುವುದಿಲ್ಲ, 8ರಿಂದ 12ಕ್ಕೆ ಏರಲು ಬಿಡಿ. ತೊಳೆಯುವ ಯಂತ್ರದಿಂದ ಆಗಷ್ಟೇ ತೆಗೆದ ಬಿಸಿ ಗ್ಲಾಸ್ ಕೊಟ್ಟರೆ ಬದಲಿಸಿ ಅನ್ನಿ.

ಬಾಟಲಿ ಬಂದಾಗ ಚೀಟಿ ನೋಡಿ. ಮೆನುವಿನ ವರ್ಷವೂ ಬಾಟಲಿಯ ವರ್ಷವೂ ಬೇರೆಯಿರುವುದು ಸಾಮಾನ್ಯ. ಸೊವಿನ್ಯೋ ಬ್ಲಾಂ, ಪಿನೋ ಗ್ರೀಜೋದಂಥ ವೈಟ್, ಗುಲಾಬಿ ಬಣ್ಣದ ರೋಜೆ ಎಷ್ಟು ಹೊಸದೋ ಅಷ್ಟು ಚೆಂದ, ಎರಡು ಮೂರು ವರ್ಷ ದಾಟಿದ್ದರೆ ಬೇರೆ ಕೇಳಿ. ಕಾರ್ಕ್ ಬಾಯಿಯಿಂದ ಮೇಲೆ ಉಬ್ಬಿದ್ದರೆ, ಕುತ್ತಿಗೆಯಲ್ಲಿ ಅಂಟಂಟು ಸೋರಿಕೆ ಕಂಡರೆ ಬಾಟಲಿ ಎಲ್ಲೋ ಬಿಸಿಗೆ ಸಿಕ್ಕಿದೆ. ಬಂದರಿನ ಕಟ್ಟೆಯ ಮೇಲೆ ಕಂಟೇನರ್ ಬಿಸಿಲಲ್ಲಿ ನಿಂತರೂ ಸಾಕು. ಅದರ ರುಚಿ ಬೇಯಿಸಿದ ಹಣ್ಣಿನ ಹಾಗೆ ಸಪ್ಪೆ. ನೆನೆದ ರಟ್ಟಿನ ವಾಸನೆ ಬಂದರೆ ಕಾರ್ಕ್ ದೋಷ, ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಗಾಳಿಯ ದೋಷ. ಮೊದಲ ಗುಟುಕಿಗೇ ಹೇಳಿ, ಸಂಕೋಚ ಬೇಡ, ಬದಲಿಸಿ ಕೊಡುತ್ತಾರೆ. ಅರ್ಧ ಬಾಟಲಿ ಮುಗಿಸಿ ಹೇಳಿದರೆ ನಡೆಯುವುದಿಲ್ಲ. ತಿರುಪು ಮುಚ್ಚಳದ ಬಾಟಲಿಯನ್ನು ಕೀಳಾಗಿ ನೋಡಬೇಡಿ, ಹಡಗಿನಲ್ಲಿ ಅದೇ ಹೆಚ್ಚು ನಂಬಿಕಸ್ಥ. ಇಪ್ಪತ್ತು ವರ್ಷದ ಹಳೆಯ ಫ್ರಾನ್ಸ್‌ನ ಬೋರ್ಡೋ ರೆಡ್ ಮಾತ್ರ ಅಲೆಯ ಮೇಲೆ ಬೇಡ, ತಳದ ಗಸಿ ಕಲಕಿ ವೈನ್ ಕಹಿಯಾಗುತ್ತದೆ.

ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಚೆನ್ನಾಗಿ ಸಿಗುತ್ತದೆ, ಅದಕ್ಕೆ ವೈನ್ ಆರಿಸುವಾಗ ಒಂದು ಮಾತು. ಖಾರದ ಊಟಕ್ಕೆ ಶೇ. 14.5 ಆಲ್ಕೋಹಾಲಿನ, ಒಗರು ತುಂಬಿದ ಕ್ಯಾಬರ್ನೆ ರೆಡ್ ತರಿಸಿದರೆ ಬಾಯಿ ಉರಿ ಇಮ್ಮಡಿಯಾಗುತ್ತದೆ. ಜರ್ಮನಿಯ ಮೋಸೆಲ್‌ನ ಕಾಬಿನೆಟ್ ರೀಸ್ಲಿಂಗ್ ಎಂಬ ವೈಟ್ ವೈನ್ ಬಹುಮಟ್ಟಿಗೆ ಶೇ. 8, 9ರಷ್ಟೇ ಇರುತ್ತದೆ, ತುಸು ಸಿಹಿ, ಒಳ್ಳೆಯ ಹುಳಿ. ಪನೀರ್ ಮಸಾಲೆಗೂ ದಾಲ್‌ಗೂ ಅದಕ್ಕಿಂತ ಹೊಂದುವ ವೈನ್ ಹಡಗಿನ ಮೆನುವಿನಲ್ಲಿ ಸಿಗುವುದು ಕಷ್ಟ. ಅದಿಲ್ಲದಿದ್ದರೆ ತಂಪಾದ ರೋಜೆ.

ಮುಗಿಯದ ಬಾಟಲಿಯ ಚಿಂತೆಯೂ ಬೇಡ. ವೇಯ್ಟರ್‌ಗೆ ಹೇಳಿದರೆ ಕ್ಯಾಬಿನ್ ನಂಬರ್ ಬರೆದು ಎತ್ತಿಡುತ್ತಾರೆ, ಮರುದಿನ ಮೇಜಿಗೆ ತರುತ್ತಾರೆ. ನಿಮ್ಮದೇ ಬಾಟಲಿ ಒಯ್ಯಲೂ ಹಲವು ಕಂಪನಿಗಳಲ್ಲಿ ಅವಕಾಶವಿದೆ: ಸಾಮಾನ್ಯವಾಗಿ ವಯಸ್ಕರಿಗೆ ಒಂದೊಂದು 750 ಮಿ.ಲೀ., ಹತ್ತುವ ದಿನ ಮಾತ್ರ, ಕೈಚೀಲದಲ್ಲಿ. ಡೈನಿಂಗ್ ಹಾಲ್‌ನಲ್ಲಿ ತೆರೆಸಿದರೆ 15ರಿಂದ 30 ಡಾಲರ್ ತೆರೆಯುವ ಶುಲ್ಕ. ಕ್ಯಾಬಿನ್‌ನಲ್ಲಿ ಕುಡಿದರೂ ಕೆಲವರು ವಸೂಲಿ ಮಾಡುತ್ತಾರೆ, ಈ ನಿಯಮಗಳು ಆಗಾಗ ಬದಲಾಗುತ್ತವೆ ಕೂಡ, ಹೊರಡುವ ವಾರ ನೋಡಿಕೊಳ್ಳಿ. 25 ಡಾಲರ್‌ನ ಒಳ್ಳೆಯ ಬಾಟಲಿಗೆ 20 ಶುಲ್ಕ ಸೇರಿದರೂ 45, ಮೆನುವಿನ ಸಾಧಾರಣ ಬಾಟಲಿಗಿಂತ ಕಡಿಮೆ.

ನಡುವಿನ ಬಂದರಿನಲ್ಲಿ ಕೊಂಡ ಬಾಟಲಿಯನ್ನು ಹಡಗಿನವರು ತೆಗೆದಿಟ್ಟು ಕೊನೆಯ ಸಂಜೆ ವಾಪಸ್ ಕೊಡುತ್ತಾರೆ. ಸಿಂಗಾಪುರಕ್ಕೆ ಮರಳುವಾಗ ಸುಂಕ ವಿನಾಯಿತಿ ಬೇಕಾದರೆ 48 ಗಂಟೆ ಹೊರಗಿದ್ದಿರಬೇಕು, ಮಲೇಷ್ಯಾದಿಂದ ಬಂದವರಿಗೆ ಅದು ಸಿಗುವುದಿಲ್ಲ. ಹಾಗಾಗಿ ಕೊನೆಯ ನಿಲ್ದಾಣ ಪೆನಾಂಗ್ ಆದರೆ ಅಲ್ಲಿ ಬಾಟಲಿ ಕೊಳ್ಳಬೇಡಿ. ಭಾರತಕ್ಕೆ ತಲಾ 2 ಲೀಟರ್ ಸುಂಕವಿಲ್ಲದೆ ತರಬಹುದು, ಅಂದರೆ ಎರಡು ಬಾಟಲಿ, ಮೂರನೆಯದು 2.25 ಲೀಟರ್ ಆಗಿ ಮಿತಿ ದಾಟುತ್ತದೆ. ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ, ವಿಮಾನದ ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಬಿಡುವುದಿಲ್ಲ.